ಕಾರ್ನರ್‌ನವ ಬಿಟ್ಟದ್ದಾ, ಕೋಚ್ ಕಲಿಸದ್ದಾ? ಕಾಲೇಜು ಕಬಡ್ಡಿಯಲ್ಲಿ ಡಿಫೆನ್ಸ್ ಸೋಲುವುದು ಎಲ್ಲಿ

ಬಸ್ಸಿನ ಗಲಾಟೆಯಲ್ಲಿ ಕೇಳಿಸದವರಿಗೆ, ಇಯರ್‌ಫೋನ್ ಮನೆಯಲ್ಲಿ ಬಿಟ್ಟು ಬಂದವರಿಗೆ ಈ ಕಂತಿನ ಬರಹ ರೂಪ ಇಲ್ಲಿದೆ. ಇವತ್ತಿನ ವಿಷಯ ಕಬಡ್ಡಿ. ಅದರಲ್ಲೂ ಡಿಫೆನ್ಸ್. ಒಂದು ಕಾಲೇಜು ತಂಡ ಪಂದ್ಯದ ಮೇಲೆ ಪಂದ್ಯ ಸೋಲ್ತಾ ಇದ್ದರೆ, ರೈಡರ್‌ಗಳು ಅಂಕ ತಂದರೂ ಹಿಂದೆ ಹಿಡಿತ ನಿಲ್ಲದಿದ್ದರೆ, ತಪ್ಪು ಯಾರದ್ದು? ಕಲಿಸಿದವರದ್ದಾ, ಆಡಿದವರದ್ದಾ?

ಮೊದಲು ನಂದೇ ಒಂದು ಕತೆ.

ನಾನು ಡಿಗ್ರಿ ಓದಿದ್ದು ಬಂಟ್ವಾಳ ತಾಲೂಕಿನ ಒಂದು ಕಾಲೇಜಲ್ಲಿ. ಎರಡನೇ ವರ್ಷದಲ್ಲಿ ಅಂತರ ಕಾಲೇಜು ಪಂದ್ಯಕ್ಕೆ ಮೂಡುಬಿದಿರೆ ಕಡೆಗೆ ಹೋಗಿದ್ದೆವು. ಕೊನೆಯ ಒಂದು ನಿಮಿಷ ಬಾಕಿ, ನಾವು ಒಂದು ಅಂಕ ಮುಂದೆ. ಎದುರಿನ ರೈಡರ್ ಬಂದ. ನಮ್ಮ ಲೆಫ್ಟ್ ಕಾರ್ನರ್ ಬಗ್ಗಿ ಅವನ ಹಿಮ್ಮಡಿ ಹಿಡಿದ. ಹಿಡಿದ ಅಂದರೆ ಸರಿಯಾಗಿಯೇ ಹಿಡಿದ, ರೈಡರ್ ಬಿದ್ದ. ಆದರೆ ಬಿದ್ದವ ತೆವಳಿಕೊಂಡು, ಇಬ್ಬರನ್ನು ಎಳೆದುಕೊಂಡು ಮಧ್ಯರೇಖೆಗೆ ಬೆರಳು ಮುಟ್ಟಿಸಿಬಿಟ್ಟ. ಅವರಿಗೆ ಎರಡು ಅಂಕ. ನಾವು ಒಂದು ಅಂಕದಿಂದ ಸೋತೆವು.

ವಾಪಸ್ ಬರುವಾಗ ಬಸ್ಸಲ್ಲಿ ಯಾರೂ ಮಾತಾಡಲಿಲ್ಲ. ಮಾರನೇ ದಿನ ಎಲ್ಲರೂ ಮಾತಾಡಿದರು. 'ಎಂತ ಮಾರಾಯ, ಕೈಗೆ ಸಿಕ್ಕಿದ್ದನ್ನು ಬಿಡುವುದಾ?' ಕ್ಯಾಂಟೀನಲ್ಲಿ ಅದೇ, ವಾಟ್ಸ್ಯಾಪ್ ಗ್ರೂಪಲ್ಲಿ ಅದೇ. ಇನ್ನು ಕೆಲವರು ಸರ್‌ಗೆ ಬೈದರು: 'ಅವರಿಗೆ ಕಬಡ್ಡಿ ಗೊತ್ತುಂಟಾ?' ಹದಿನೈದು ದಿನ ಚರ್ಚೆ ನಡೆಯಿತು. ಆ ಕಾರ್ನರ್ ಹುಡುಗ ಮುಂದಿನ ವರ್ಷ ಸೆಲೆಕ್ಷನ್‌ಗೇ ಬರಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ಅವನ ಕಬಡ್ಡಿ ಮುಗಿಯಿತು. ಹಾಗಾಗಿ ಈ ಪ್ರಶ್ನೆ ನನಗೆ ಬರೀ ಕಟ್ಟೆ ಪಂಚಾತಿಕೆ ಅಲ್ಲ.

ಏಳು ಜನ ಏಳು ಕೆಲಸ

ಪ್ರೊ ಕಬಡ್ಡಿ ನೋಡುವವರಿಗೆ ಇದು ಗೊತ್ತಿರ್ತದೆ, ಆದರೂ ಎಲ್ಲರಿಗಾಗಿ ಬೇಗ ಹೇಳಿಬಿಡ್ತೇನೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಸಿಗುವುದು ಆರೂವರೆ ಮೀಟರ್ ಆಳದ ಜಾಗ. ರೈಡರ್‌ಗೆ 30 ಸೆಕೆಂಡ್. ಆ ಜಾಗದಲ್ಲಿ ಏಳು ಜನ ನಿಲ್ಲಬೇಕು: ಎರಡು ತುದಿಯಲ್ಲಿ ಎರಡು ಕಾರ್ನರ್, ಅವರ ಪಕ್ಕ ಎರಡು ಇನ್, ಆಮೇಲೆ ಎರಡು ಕವರ್, ನಡುವೆ ಸೆಂಟರ್.

ಕಾರ್ನರ್‌ನವನ ಕೆಲಸ ಕಾಲು: ಆ್ಯಂಕಲ್ ಹೋಲ್ಡ್, ಥೈ ಹೋಲ್ಡ್. ಹಿಂದಿನಿಂದ ಸೊಂಟಕ್ಕೆ ಹಾಕುವ ಬ್ಯಾಕ್ ಹೋಲ್ಡ್ ಕೂಡ ಅವನದ್ದೇ. ಕವರ್‌ನವರ ಕೆಲಸ ದಾರಿ ಮುಚ್ಚುವುದು. ಎದುರಿನಿಂದ ಬ್ಲಾಕ್ ಮಾಡುವುದು, ಭುಜದಿಂದ ಡ್ಯಾಶ್ ಕೊಟ್ಟು ಅಂಕಣದ ಹೊರಗೆ ತಳ್ಳುವುದು. ಇನ್‌ನಲ್ಲಿ ನಿಂತವನು ಕಾರ್ನರ್‌ನ ಕೈ ಹಿಡಿದುಕೊಂಡು ಜೋಡಿಯಾಗಿ ಅತ್ತಿತ್ತ ಸರಿಯುತ್ತಾನೆ. ಟಿವಿಯಲ್ಲಿ ಅವನು ಕಾಣಿಸುವುದೇ ಇಲ್ಲ. ಅವನ ಕೆಲಸ ಕಾರ್ನರ್ ಹಿಡಿದ ಮೇಲೆ ಶುರುವಾಗ್ತದೆ.

ಯಾಕೆಂದರೆ ಒಬ್ಬನೇ ಒಬ್ಬನನ್ನು ಹಿಡಿದು ನಿಲ್ಲಿಸುವುದು ತುಂಬಾ ಕಷ್ಟ. ರೈಡರ್‌ಗೆ ಇಡೀ ದೇಹ ದಾಟಬೇಕಾಗಿಲ್ಲ, ಒಂದು ಬೆರಳು ಮಧ್ಯರೇಖೆ ಮುಟ್ಟಿದರೆ ಸಾಕು. ಕಾಲು ಹಿಡಿದವ ಅವನ ವೇಗ ಮುರಿಯುತ್ತಾನೆ ಅಷ್ಟೇ. ಮುಗಿಸುವುದು ಎರಡನೆಯವ, ಮೂರನೆಯವ.

ಈಗ ಇಲ್ಲಿ ಒಂದು ಸಂಕಟ ಉಂಟು, ಗಮನಿಸಿ. ಕಾರ್ನರ್ ಹಿಡಿದಾಗ ಪಕ್ಕದವ ಹೋಗಿ ಮುಟ್ಟಿದ, ಆದರೂ ರೈಡರ್ ತಪ್ಪಿಸಿಕೊಂಡ ಅಂತಿಟ್ಟುಕೊಳ್ಳಿ. ಆಗ ಕಾರ್ನರೂ ಔಟ್, ಪಕ್ಕದವನೂ ಔಟ್. ಒಂದರ ಬದಲು ಎರಡು ಅಂಕ ಹೋಯ್ತು. ಹಾಗಾಗಿ ಪಕ್ಕದವನ ತಲೆಯಲ್ಲಿ ಅರ್ಧ ಸೆಕೆಂಡ್ ಲೆಕ್ಕ ಓಡ್ತದೆ: 'ಹೋಗಲಾ, ಬೇಡವಾ? ಇವನ ಹಿಡಿತ ನಿಲ್ತದಾ?' ಆ ಅರ್ಧ ಸೆಕೆಂಡಲ್ಲಿ ರೈಡರ್ ಒಂದು ಮೀಟರ್ ಹೋಗಿರ್ತಾನೆ. ಕೂಡಲೇ ಹೋದರೆ ಹಿಡಿಯಬಹುದು. ಹೋಗದೇ ಇದ್ದರೆ ಒಂದೇ ಅಂಕ ನಷ್ಟ. ತಡ ಮಾಡಿ ಹೋದರೆ ಎರಡೂ ಹಾಳು.

ನಾನು ಮೇಲೆ ಹೇಳಿದ ಪಂದ್ಯದಲ್ಲಿ ಲೆಫ್ಟ್ ಇನ್‌ನಲ್ಲಿ ನಿಂತಿದ್ದವ ನಾನು. ಆಗ ಬೆನ್ನು ತಟ್ಟಿದವರೂ ಇದ್ದರು, 'ನೀನಾದರೂ ಟ್ರೈ ಮಾಡಿದೆ' ಅಂತ. ಆ ಪಂದ್ಯದ ವಿಡಿಯೊ ಹಳೇ ಫೋನೊಂದರಲ್ಲಿ ಇತ್ತು. ಈ ಕಂತಿಗೆ ತಯಾರಾಗುವಾಗ ಹುಡುಕಿ ತೆಗೆದು ನಿಧಾನಗತಿಯಲ್ಲಿ ನೋಡಿದೆ. ಕಾರ್ನರ್ ಹುಡುಗನ ಹಿಡಿತ ಬಿದ್ದಾಗ ನಾನು ನಿಂತಲ್ಲೇ ಇದ್ದೇನೆ. ಆಮೇಲೆ ಹಾರುತ್ತೇನೆ. ಬೇಗ ಹೋಗಿದ್ದರೆ ಗೆಲ್ಲುತ್ತಿದ್ದೆವೇನೋ, ಹೋಗದೇ ಇದ್ದಿದ್ದರೆ ಅಂಕ ಸಮ ಆಗುತ್ತಿತ್ತು. ನಾನು ಮಾಡಿದ್ದು ಮಧ್ಯದ್ದು. ಬೈಸಿಕೊಂಡದ್ದು ಮಾತ್ರ ಅವನು.

ಹಿಡಿತ ತಪ್ಪುವುದು ಮಾಮೂಲು

ಬೈಯುವ ಮೊದಲು ಒಂದು ಲೆಕ್ಕ ಗೊತ್ತಿರಲಿ. ಪ್ರೊ ಕಬಡ್ಡಿಯಲ್ಲಿ ಒಳ್ಳೆಯ ಡಿಫೆಂಡರ್‌ಗಳ ಟ್ಯಾಕಲ್ ಯಶಸ್ಸು ಶೇ. 50ರ ಆಸುಪಾಸು ಇರ್ತದೆ. ಅಂದರೆ ಎರಡು ಸಲ ಹೋದರೆ ಒಂದು ಸಲ ತಪ್ಪಿ ಹೋಗ್ತದೆ. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಟ್ಯಾಕಲ್ ಅಂಕ ಗಳಿಸಿದ ಇರಾನಿನ ಫಜಲ್ ಅತ್ರಾಚಲಿ ಕೂಡ ಲೆಫ್ಟ್ ಕಾರ್ನರೇ. ಅವರೂ ನೂರಾರು ಸಲ ಬಿಟ್ಟಿದ್ದಾರೆ.

ಅದಕ್ಕೇ ಒಂದು ಹಿಡಿತ ನೋಡಿ ತೀರ್ಪು ಕೊಡಲಿಕ್ಕೆ ಆಗುವುದಿಲ್ಲ. ಇಡೀ ಪಂದ್ಯ ನೋಡಬೇಕು, ಸಾಧ್ಯವಾದರೆ ಮೂರು ನಾಲ್ಕು ಪಂದ್ಯ. ನೋಡುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಒಂದನೆಯದು: ಅದೇ ತಪ್ಪು ಬೇರೆ ಬೇರೆ ಹುಡುಗರಿಂದ ಆಗ್ತಾ ಉಂಟಾ? ಲೆಫ್ಟ್ ಕಾರ್ನರ್‌ನವನನ್ನು ಹೊರಗೆ ಕೂರಿಸಿ ಇನ್ನೊಬ್ಬನನ್ನು ಇಳಿಸಿದರು, ಅವನದ್ದೂ ಅದೇ ಕತೆ ಆಯಿತು. ಹಾಗಾದರೆ ತೊಂದರೆ ಹುಡುಗನಲ್ಲಿ ಇಲ್ಲ, ಆ ಜಾಗಕ್ಕೆ ಕೊಟ್ಟ ತರಬೇತಿಯಲ್ಲಿ ಉಂಟು. ಉಳಿದ ಆರು ಜನ ಸರಿಯಾಗಿ ಇದ್ದು ಒಬ್ಬನೇ ಪ್ರತೀ ಸಲ ತಪ್ಪುತ್ತಿದ್ದರೆ ಆ ಒಬ್ಬನ ಹತ್ತಿರ ಮಾತಾಡಬೇಕು.

ಎರಡನೆಯದು: ತಪ್ಪು ಆಗುವುದು ಯಾವಾಗ? ಮೊದಲರ್ಧದಲ್ಲಿ ಚಂದ ಹಿಡಿದ ತಂಡ ಕೊನೆಯ ಹತ್ತು ನಿಮಿಷದಲ್ಲಿ ಕುಸಿದರೆ ಅದು ದಮ್ಮಿನ ಪ್ರಶ್ನೆ. ಸುಸ್ತಾದ ಕಾಲು ಅರ್ಧ ಹೆಜ್ಜೆ ತಡವಾಗಿ ಹೋಗ್ತದೆ. ಇದರಲ್ಲಿ ಇಬ್ಬರಿಗೂ ಪಾಲುಂಟು. ಓಡಿಸದ ಕೋಚ್‌ಗೂ, ಓಡಲಿಕ್ಕೆ ಹೇಳಿದಾಗ ಶೂ ಲೇಸ್ ಕಟ್ಟುತ್ತಾ ಕೂತ ಹುಡುಗನಿಗೂ.

ಮೂರನೆಯದು: ಹಿಡಿತ ಬಿದ್ದ ಕ್ಷಣದಲ್ಲಿ ಎರಡನೆಯವ ಎಲ್ಲಿದ್ದ? ವಿಡಿಯೊ ನಿಲ್ಲಿಸಿ ನೋಡಿ. ಹಿಡಿದವನನ್ನಲ್ಲ, ಅವನ ಪಕ್ಕದವನನ್ನು. ಅವನು ಆಗಲೇ ಹೊರಟಿದ್ದರೆ, ಆದರೂ ರೈಡರ್ ತಪ್ಪಿಸಿಕೊಂಡರೆ, ಅದು ರೈಡರ್‌ನ ಸಾಮರ್ಥ್ಯ. ಚಪ್ಪಾಳೆ ಹೊಡೆದು ಮುಂದೆ ಹೋಗಬೇಕು. ಪಕ್ಕದವ ನಿಂತು ನೋಡ್ತಾ ಇದ್ದರೆ, ಅದು ಪಂದ್ಯದ ದಿನ ಆದ ತಪ್ಪಲ್ಲ. ಅಭ್ಯಾಸದ ದಿನಗಳಲ್ಲಿ ಆಗಿಹೋದದ್ದು.

ನಾಲ್ಕನೆಯದು: ಆ ಹಿಡಿತಕ್ಕೆ ಹೋಗುವ ಅಗತ್ಯ ಇತ್ತಾ? ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ. ಆಗ ರೈಡರ್ ಅಂಕ ತರಲೇಬೇಕು, ಇಲ್ಲದಿದ್ದರೆ ಅವನೇ ಔಟ್. ಅಂಥ ರೈಡಲ್ಲಿ ಡಿಫೆನ್ಸ್ ಸುಮ್ಮನೆ ಹಿಂದೆ ನಿಂತರೂ ಅರ್ಧ ಗೆದ್ದ ಹಾಗೆ. ಅದನ್ನು ಬಿಟ್ಟು ಮುಂದೆ ಹಾರಿ ಅಡ್ವಾನ್ಸ್ ಟ್ಯಾಕಲ್‌ಗೆ ಹೋದರೆ ರೈಡರ್‌ಗೆ ನಾವೇ ಕರೆದು ಅಂಕ ಕೊಟ್ಟಂತೆ. ತಿರುಗಾ, ಅಂಕಣದಲ್ಲಿ ಮೂರೇ ಜನ ಉಳಿದಿದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆಗ ಸಾಹಸಕ್ಕೆ ಬೆಲೆ ಉಂಟು. ಯಾವಾಗ ಕಾಯಬೇಕು, ಯಾವಾಗ ಹೋಗಬೇಕು ಎನ್ನುವುದು ಹುಡುಗನಿಗೆ ಗೊತ್ತಿದ್ದೂ ಹಾರಿದರೆ ತಪ್ಪು ಅವನದ್ದು. ಯಾರೂ ಹೇಳಿಯೇ ಕೊಡದಿದ್ದರೆ?

ಹೆಲ್ಮೆಟ್ ಒಳಗೆ ಕೋಚ್

ಇದೇ ಜಗಳ ಅಮೆರಿಕದಲ್ಲೂ ಉಂಟು, ನಮಗಿಂತ ಜೋರಾಗಿ. ಅಲ್ಲಿನ ಕಾಲೇಜು ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡಿದು ಓಡುವ ಆಟ. ಹನ್ನೊಂದು ಜನರ ಡಿಫೆನ್ಸ್‌ಗೆ ಅಂತಲೇ ಬೇರೆ ಕೋಚ್ ಇರ್ತಾರೆ, ಡಿಫೆನ್ಸಿವ್ ಕೋಆರ್ಡಿನೇಟರ್ ಅಂತ. ಡಿಫೆನ್ಸ್ ಸೋತಾಗ ಅಲ್ಲಿಯೂ ಎರಡು ಪಕ್ಷ: ಯೋಜನೆಯೇ ಸರಿ ಇಲ್ಲ ಅನ್ನುವವರು, ಯೋಜನೆ ಸರಿಯೇ ಉಂಟು, ಹುಡುಗರು ಆಡಲಿಲ್ಲ ಅನ್ನುವವರು.

ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪಂದ್ಯಕ್ಕೆ ಸರಾಸರಿ 34ಕ್ಕಿಂತ ಹೆಚ್ಚು ಅಂಕ ಬಿಟ್ಟುಕೊಟ್ಟಿತು. ನವೆಂಬರಲ್ಲಿ, ಸೀಸನ್ ಮುಗಿಯುವ ಮೊದಲೇ, ಡಿಫೆನ್ಸ್ ಕೋಚ್ ಅಲೆಕ್ಸ್ ಗ್ರಿಂಚ್ ಅವರನ್ನು ತೆಗೆದರು. ಮರುವರ್ಷಕ್ಕೆ ಡ್ಯಾಂಟನ್ ಲಿನ್ ಬಂದರು, ಸರಾಸರಿ 24ರ ಹತ್ತಿರಕ್ಕೆ ಇಳಿಯಿತು. ಹಾಗಾದರೆ ತಪ್ಪು ಕೋಚ್‌ದೇ ಅಂತ ಬರೆದುಬಿಡಬಹುದಾ? ಅಷ್ಟು ಬೇಗ ಬೇಡ. ಅಲ್ಲಿ ಆಟಗಾರರು ಪ್ರತಿ ವರ್ಷ ಕಾಲೇಜು ಬದಲಿಸ್ತಾರೆ. ಆ ಒಂದು ವರ್ಷದಲ್ಲಿ ಹುಡುಗರೂ ಬದಲಾಗಿದ್ದರು.

ಇನ್ನೊಂದು ವಿಷಯ ನಮಗೆ ಮುಖ್ಯ. 2024ರಿಂದ ಅಲ್ಲಿನ ಕಾಲೇಜು ಫುಟ್‌ಬಾಲಿನ ಮೇಲಿನ ದರ್ಜೆಯಲ್ಲಿ ಡಿಫೆನ್ಸ್‌ನ ಒಬ್ಬ ಆಟಗಾರನ ಹೆಲ್ಮೆಟ್ ಒಳಗೆ ಸ್ಪೀಕರ್ ಇಡಲು ಅವಕಾಶ ಉಂಟು. ಆಟ ಶುರುವಾಗುವ ಮುಂಚೆ ಕೋಚ್ ನೇರ ಅವನ ಕಿವಿಗೇ ಹೇಳಬಹುದು, ಈ ಸಲ ಹೀಗೆ ನಿಲ್ಲಿ ಅಂತ. ಪ್ರತಿ ಆಟಕ್ಕೂ ಹೊಸ ಆದೇಶ. ಅಷ್ಟು ಹತೋಟಿ ಕೋಚ್ ಕೈಯಲ್ಲಿ ಇರುವಾಗ ಜವಾಬ್ದಾರಿಯೂ ಅಷ್ಟೇ ದೊಡ್ಡದು.

ಕಬಡ್ಡಿಯಲ್ಲಿ ಅದು ಇಲ್ಲ. ರೈಡರ್ ಒಳಗೆ ಬಂದ ಮೇಲೆ ಏಳು ಜನರೇ ಕಣ್ಣಲ್ಲಿ, ಕೈ ಒತ್ತಿ ಮಾತಾಡಿಕೊಳ್ಳಬೇಕು. ಕೋಚ್‌ಗೆ ಮಾತಾಡಲಿಕ್ಕೆ ಸಿಗುವುದು ಬಿಡುವು ಮತ್ತು 30 ಸೆಕೆಂಡಿನ ಟೈಮ್ ಔಟ್ ಮಾತ್ರ. ಆ 30 ಸೆಕೆಂಡಲ್ಲಿ ನೀರು ಕುಡಿಸಿ ಎರಡು ಮಾತು ಹೇಳುವಷ್ಟರಲ್ಲಿ ಸೀಟಿ ಆಗ್ತದೆ. ಅಂದರೆ ಕಬಡ್ಡಿ ಕೋಚ್‌ನ ಕೆಲಸ ಪಂದ್ಯಕ್ಕೆ ಮೊದಲೇ ಮುಗಿದಿರಬೇಕು. ಪಂದ್ಯದಲ್ಲಿ ಹುಡುಗ ಯೋಚನೆ ಮಾಡದೆ ಮಾಡುವ ಕೆಲಸ ಉಂಟಲ್ಲ, ಅದು ಅವನ ಗುಣ ಅಂತ ನಮಗೆ ಕಾಣ್ತದೆ. ನಿಜಕ್ಕೂ ಅದು ಅಭ್ಯಾಸದಲ್ಲಿ ನೂರು ಸಲ ಮಾಡಿದ್ದು, ಅಥವಾ ಒಂದು ಸಲವೂ ಮಾಡದೇ ಬಿಟ್ಟದ್ದು.

ಬುಲ್ಸ್ ಕತೆ ಏನು ಹೇಳ್ತದೆ

ನಮ್ಮದೇ ಬೆಂಗಳೂರು ಬುಲ್ಸ್ ತೆಗೆದುಕೊಳ್ಳಿ. 2014ರಲ್ಲಿ ಲೀಗ್ ಶುರುವಾದಾಗಿನಿಂದ ಕೋಚ್ ಆಗಿದ್ದವರು ರಣಧೀರ್ ಸಿಂಗ್ ಸೆಹ್ರಾವತ್. ಅವರ ಕೈಕೆಳಗೇ ತಂಡ ಆರನೇ ಸೀಸನ್ ಗೆದ್ದಿತು. 2019ರ ಜನವರಿಯ ಆ ಫೈನಲ್‌ನಲ್ಲಿ ಗುಜರಾತ್ ಎದುರು 38-33. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅದೇ ಕೋಚ್ ಇದ್ದಾಗಲೇ 2024ರ ಹನ್ನೊಂದನೇ ಸೀಸನಲ್ಲಿ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. 22 ಪಂದ್ಯ ಆಡಿ ಗೆದ್ದದ್ದು ಎರಡೇ. ತಂಡದಲ್ಲಿ ಹೆಸರಿಲ್ಲದವರು ಇದ್ದರಾ? ರೈಡಿಂಗಲ್ಲಿ ಪರ್ದೀಪ್ ನರ್ವಾಲ್, ಡಿಫೆನ್ಸಲ್ಲಿ ಸೌರಭ್ ನಂದಲ್. ಈ ಸೌರಭ್ ಎರಡು ಸೀಸನ್ ಹಿಂದೆ ಲೀಗಿನ ಒಳ್ಳೊಳ್ಳೆ ಕಾರ್ನರ್‌ಗಳ ಸಾಲಲ್ಲಿ ಇದ್ದವರು.

ಅದೇ ಕೋಚ್, ಒಂದು ವರ್ಷ ಕಪ್, ಇನ್ನೊಂದು ವರ್ಷ ಕೊನೆ. ಅದೇ ಡಿಫೆಂಡರ್, ಒಂದು ಸೀಸನಲ್ಲಿ ಗೋಡೆ, ಇನ್ನೊಂದರಲ್ಲಿ ಬಿರುಕು. ಯಾರೋ ಒಬ್ಬರ ಮೇಲೆ ಹಾಕಲಿಕ್ಕೆ ಲೆಕ್ಕ ಕೂಡುವುದಿಲ್ಲ.

ಮುಂದಿನ ಸೀಸನಿಗೆ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚಲ್ಲಿ ಪುಣೇರಿ ಪಲ್ಟಣ್‌ಗೆ ಕಪ್ ಗೆಲ್ಲಿಸಿದವರು. 2025ರಲ್ಲಿ ಬುಲ್ಸ್ ಪ್ಲೇ ಆಫ್‌ಗೆ ಬಂತು. ಕೋಚ್ ಬದಲಾದದ್ದಕ್ಕಾ? ಇರಬಹುದು. ಆದರೆ ಹರಾಜಿನಲ್ಲಿ ತಂಡವೂ ಬಹುಪಾಲು ಹೊಸತಾಗಿತ್ತು. ಲಾಸ್ ಏಂಜಲೀಸಿನ ಹಾಗೆಯೇ ಇಲ್ಲಿಯೂ ಎರಡೂ ಒಟ್ಟಿಗೇ ಬದಲಾಯಿತು.

ಒಂದು ಮಾತ್ರ ಗಟ್ಟಿಯಾಗಿ ಹೇಳಬಹುದು. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಹುಡುಗರನ್ನು ಕೊಟ್ಟರೂ ತಂಡ ಕಟ್ಟುವವರು ಇದ್ದಾರೆ. ಅಂಥವರ ತಂಡದಲ್ಲಿ ಒಬ್ಬ ಹಿಡಿದಾಗ ಉಳಿದವರು ಏನು ಮಾಡ್ತಾರೆ ಅಂತ ನೋಡಿ. ಪುಣೇರಿ ಕಪ್ ಗೆದ್ದ ಸೀಸನಿನ ವಿಡಿಯೊ ಯೂಟ್ಯೂಬಲ್ಲಿ ಸಿಗ್ತದೆ. ಒಬ್ಬನ ಕೈ ತಾಗಿದ್ದೇ ತಡ, ಮೂರು ಜನ ಮೇಲೆ ಬಿದ್ದಿರ್ತಾರೆ.

ನಮ್ಮ ಮೂರು ತಾಲೂಕಿನ ಲೆಕ್ಕ ಬೇರೆ

ಇಷ್ಟು ಹೊತ್ತು ಕೋಚ್ ಮತ್ತು ಆಟಗಾರ ಅಂತ ಎರಡೇ ಪಕ್ಷ ಮಾಡಿ ಮಾತಾಡಿದೆವು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳ ಮಟ್ಟಿಗೆ ಮೂರನೆಯದೊಂದು ಉಂಟು: ಸಿಗುವ ಸಮಯ, ಸಿಗುವ ನೆಲ.

ಮೊದಲು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ಅಂಕಣ ಗದ್ದೆ ಆಗಿರ್ತದೆ. ಒಳಾಂಗಣ, ಮ್ಯಾಟ್ ಇರುವ ಕಾಲೇಜಿಗೆ ಆ ನಾಲ್ಕು ತಿಂಗಳು ಅಭ್ಯಾಸದ ತಿಂಗಳು, ಇಲ್ಲದ ಕಾಲೇಜಿಗೆ ರಜೆ. ಮಳೆ ನಿಂತ ಮೇಲೆ ಶುರು ಮಾಡಿದವರು ಮಳೆಯಲ್ಲೂ ನಿಲ್ಲಿಸದವರ ಎದುರು ಆಡಬೇಕು.

ಎರಡನೆಯದು ಮಣ್ಣು ಮತ್ತು ಮ್ಯಾಟ್. ಹಳ್ಳಿಯಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗನ ಕಾಲು ಮಣ್ಣಿನಲ್ಲಿ ಜಾರುವ ಲೆಕ್ಕಕ್ಕೆ ಹೊಂದಿಕೊಂಡಿರ್ತದೆ. ಮ್ಯಾಟ್ ಮೇಲೆ ಶೂ ಹಾಕಿ ನಿಂತಾಗ ಕಾಲು ಜಾರುವುದಿಲ್ಲ, ಕಚ್ಚಿ ನಿಲ್ತದೆ. ರೈಡರ್ ತಿರುಗುವ ವೇಗವೇ ಬೇರೆ, ಹಿಡಿತಕ್ಕೆ ಹೊರಡುವ ಸಮಯವೇ ಬೇರೆ. ಪಂದ್ಯದ ದಿನವೇ ಮ್ಯಾಟ್ ನೋಡುವ ತಂಡಕ್ಕೆ ಮೊದಲ ಹತ್ತು ನಿಮಿಷ ಕಾಲು ಹುಡುಕುವುದರಲ್ಲೇ ಹೋಗ್ತದೆ.

ಮೂರನೆಯದು ಹೊನಲು ಬೆಳಕಿನ ಪಂದ್ಯಾಟ. ನಮ್ಮ ಕಡೆ ಮಳೆ ಬಿಟ್ಟಿತು ಅಂದರೆ ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್ ಅಂತ ವಾರಕ್ಕೊಂದು ಕಡೆ ಕಬಡ್ಡಿ. ಮೈಕಲ್ಲಿ ವೀಕ್ಷಕ ವಿವರಣೆ, ಅಂಗಡಿ ಸಾಲು, ಸುತ್ತ 'ಪತ್ತ್‌ಲೆ ಪತ್ತ್‌ಲೆ' ಅಂತ ಬೊಬ್ಬೆ, ಫೈನಲ್ ಮುಗಿಯುವಾಗ ಕೋಳಿ ಕೂಗಿರ್ತದೆ. ಇದು ಇಲ್ಲದಿದ್ದರೆ ನಮ್ಮಲ್ಲಿ ಕಬಡ್ಡಿಯೇ ಇರ್ತಿರಲಿಲ್ಲ, ಅದು ಸತ್ಯ. ಆದರೆ ಶನಿವಾರ ರಾತ್ರಿ ಊರ ತಂಡಕ್ಕೆ ರೈಡರ್ ಆಗಿ ಆಡಿದ ಹುಡುಗ ಸೋಮವಾರ ಕಾಲೇಜಿಗೆ ಬಂದು ಕಾರ್ನರಲ್ಲಿ ನಿಲ್ಲಬೇಕು. ಒಂದೇ ದೇಹಕ್ಕೆ ಎರಡು ಕೆಲಸ. ಕಾರ್ನರ್‌ಗೆ ಬೇಕಾದದ್ದು ತಾಳ್ಮೆ. ರೈಡರ್‌ಗೆ ಬೇಕಾದದ್ದು ಅದರ ತದ್ವಿರುದ್ಧ.

ಅದೂ ಅಲ್ಲದೆ ನಮ್ಮ ಹುಡುಗರಿಗೆ ಆಗಬೇಕಾದದ್ದೇ ರೈಡರ್. ಯಾಕಾಗಬಾರದು? ಪುತ್ತೂರಿನ ಪ್ರಶಾಂತ್ ಕುಮಾರ್ ರೈ, ಕಾರ್ಕಳದ ಸುಕೇಶ್ ಹೆಗ್ಡೆ, ಏಷ್ಯನ್ ಗೇಮ್ಸಲ್ಲಿ ಎರಡು ಸಲ ಚಿನ್ನ ಗೆದ್ದ ಕಾರ್ಕಳದ ಮಮತಾ ಪೂಜಾರಿ, ಆಸುಪಾಸಿನ ದೊಡ್ಡ ಹೆಸರುಗಳೆಲ್ಲ ದಾಳಿಗೆ ಹೆಸರಾದವರದ್ದೇ. ಬಹುಮಾನ ವಿತರಣೆಯಲ್ಲಿ ಉತ್ತಮ ಹಿಡಿತಗಾರ ಅಂತ ಟ್ರೋಫಿ ಕೊಡುವುದುಂಟು. ಆದರೆ ಪಕ್ಕದಿಂದ ಬಂದು ಮುಗಿಸಿಕೊಟ್ಟ ಇನ್‌ನವನಿಗೆ ಟ್ರೋಫಿ ಎಲ್ಲಿಯೂ ನಾನು ಕಂಡಿಲ್ಲ. ಬಹುಮಾನ ಇಲ್ಲದ ಕೆಲಸ ಕಲಿಯಲಿಕ್ಕೆ ಯಾರಿಗೆ ಉತ್ಸಾಹ?

ಕೊನೆಯದು ಕೋಚ್ ಅನ್ನುವ ಶಬ್ದವೇ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ತರಹದ ಕಡೆ ಕ್ರೀಡಾ ವಿದ್ಯಾರ್ಥಿಗಳನ್ನು ಹಾಸ್ಟೆಲ್‌ನಲ್ಲಿ ಇಟ್ಟು ಬೆಳೆಸುವ ಪದ್ಧತಿ ಉಂಟು. ಆಳ್ವಾಸ್‌ನ ಕ್ರೀಡಾ ದತ್ತು ಯೋಜನೆ ನಿಮಗೆ ಗೊತ್ತಿರಬಹುದು. ಒಟ್ಟಿಗೇ ಮಲಗಿ, ಒಟ್ಟಿಗೇ ಎದ್ದು, ಬೆಳಿಗ್ಗೆ ಸಂಜೆ ಆಡುವ ಏಳು ಜನ. ಅಂಥವರ ನಡುವೆ ಆ ಅರ್ಧ ಸೆಕೆಂಡಿನ ಅನುಮಾನ ತಾನಾಗಿಯೇ ಕಡಿಮೆ ಆಗ್ತದೆ. ಸಣ್ಣ ಕಾಲೇಜಲ್ಲಿ ಇರುವುದು ಒಬ್ಬರು ದೈಹಿಕ ಶಿಕ್ಷಣ ನಿರ್ದೇಶಕರು. ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಅಥ್ಲೆಟಿಕ್ಸ್, ಕಾಲೇಜ್ ಡೇಯ ಪೆಂಡಾಲಿನ ಲೆಕ್ಕ, ಎಲ್ಲದಕ್ಕೂ ಅವರೇ. ಹುಡುಗರು ಸಂಜೆ ನಾಲ್ಕೂವರೆಯ ಬಸ್ ಹಿಡಿಯಬೇಕು, ತಪ್ಪಿದರೆ ಊರಿಗೆ ಮುಂದಿನದ್ದು ಕತ್ತಲಾದ ಮೇಲೆ. ಏಳೂ ಜನ ಒಟ್ಟಿಗೆ ಸಿಗುವ ದಿನವೇ ವಾರಕ್ಕೆ ಎರಡು. ಇಂಥ ಕಡೆ ಕೋಚ್ ಸರಿ ಇಲ್ಲ ಅನ್ನುವ ಮೊದಲು, ಕೋಚ್ ಇದ್ದಾರಾ ಅಂತ ಕೇಳಬೇಕು.

ಹಾಗಾದರೆ ಆಟಗಾರನ ತಪ್ಪೇ ಇಲ್ವಾ?

ಉಂಟು. ಇಷ್ಟು ಹೇಳಿ ಹುಡುಗರನ್ನು ಪೂರ್ತಿ ಬಿಟ್ಟುಬಿಟ್ಟರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಆಗ್ತದೆ. ಅಭ್ಯಾಸಕ್ಕೆ ಬಾರದವನಿಗೆ ಯಾವ ಕೋಚೂ ಕಲಿಸಲಿಕ್ಕಾಗದು. ಹಿಂದೆ ನಿಲ್ಲು ಅಂತ ಟೈಮ್ ಔಟಲ್ಲಿ ಹೇಳಿಸಿಕೊಂಡು, ಮುಂದಿನ ರೈಡಲ್ಲೇ ಗ್ಯಾಲರಿಗಾಗಿ ಹಾರಿದರೆ ಅದಕ್ಕೆ ಬೇರೆ ಹೆಸರಿಲ್ಲ. ಹಿಂದಿನ ರೈಡಲ್ಲಿ ತಾನು ಔಟ್ ಆದದ್ದಕ್ಕೆ ಪಕ್ಕದವನ ಮೇಲೆ ಮುನಿಸಿಕೊಂಡು ಕೈ ಬಿಟ್ಟು ನಿಲ್ಲುವವರನ್ನೂ ನೋಡಿದ್ದೇನೆ. ಇವೆಲ್ಲ ಹುಡುಗರ ಖಾತೆಗೆ.

ಕೋಚ್ ಖಾತೆಗೆ ಯಾವುದು? ಯಾರನ್ನು ಎಲ್ಲಿ ನಿಲ್ಲಿಸಿದರು, ಜೋಡಿಯನ್ನು ಎಷ್ಟು ದಿನ ಒಟ್ಟಿಗೆ ಆಡಿಸಿದರು, ಒಬ್ಬ ಹೋದರೆ ಉಳಿದವರು ಏನು ಮಾಡಬೇಕು ಅಂತ ನಿಯಮ ಇತ್ತಾ. ನಮ್ಮ ಅಭ್ಯಾಸ ನೆನಪು ಮಾಡಿಕೊಂಡರೆ, ಕಾರ್ನರ್ ಹುಡುಗ ಒಬ್ಬನೇ ಐವತ್ತು ಆ್ಯಂಕಲ್ ಹೋಲ್ಡ್ ಮಾಡುತ್ತಿದ್ದ. ನಾವು ಸಾಲಾಗಿ ನಿಂತು ನೋಡುತ್ತಿದ್ದೆವು. ಅವನು ಹಿಡಿದ ಕೂಡಲೇ ನಾನು ಯಾವ ಕಡೆಯಿಂದ, ರೈಡರ್‌ನ ಯಾವ ಭಾಗಕ್ಕೆ ಹೋಗಬೇಕು ಅಂತ ಒಂದು ದಿನವೂ ಮಾಡಿ ನೋಡಿರಲಿಲ್ಲ. ನಾನೂ ಕೇಳಿರಲಿಲ್ಲ. ಪಂದ್ಯದ ಕೊನೆಯ ನಿಮಿಷದಲ್ಲಿ ನಾನು ತಡ ಮಾಡಿದ್ದಕ್ಕೆ ಅದು ಕಾರಣ, ಕ್ಷಮೆ ಅಲ್ಲ.

ಅಂದರೆ ಕೋಚಿಂಗ್ ಒಂದು ಕಡೆ, ಆಟ ಇನ್ನೊಂದು ಕಡೆ ಅಂತ ಗೆರೆ ಎಳೆದರೆ ನಮ್ಮ ಪ್ರಶ್ನೆ ಆ ಗೆರೆಯ ಮೇಲೆಯೇ ನಿಲ್ತದೆ. ಡಿಫೆನ್ಸ್‌ನಲ್ಲಿ ಕಲಿಸಬೇಕಾದದ್ದು ಹಿಡಿತವನ್ನಲ್ಲ, ನಂಬಿಕೆಯನ್ನು. ಅವನು ಹೋದರೆ ನಾನೂ ಹೋಗ್ತೇನೆ, ಇಬ್ಬರೂ ಔಟ್ ಆದರೂ ಸರಿ ಎನ್ನುವುದು. ಅದನ್ನು ಕಲಿಸುವುದು ಕೋಚ್ ಕೆಲಸ. ಪಂದ್ಯದಲ್ಲಿ ಅದನ್ನು ಉಳಿಸಿಕೊಳ್ಳುವುದು ಆಟಗಾರರ ಕೆಲಸ.

ನೀವು ಮಾಡಬಹುದಾದ ಒಂದು ಕೆಲಸ

ನಿಮ್ಮ ಕೈಯಲ್ಲಿ ಫೋನ್ ಉಂಟಲ್ಲ. ಮುಂದಿನ ಸಲ ನಿಮ್ಮ ಕಾಲೇಜಿನ ಪಂದ್ಯ ಇದ್ದಾಗ ರೈಡರ್‌ನ ರೀಲ್ ಮಾಡುವುದು ಬಿಟ್ಟು, ಅಂಕಣದ ಹಿಂದೆ ಸ್ವಲ್ಪ ಎತ್ತರದಲ್ಲಿ ನಿಂತು ಇಡೀ ಪಂದ್ಯ ಶೂಟ್ ಮಾಡಿ. ಏಳೂ ಜನ ಫ್ರೇಮಲ್ಲಿ ಇರಬೇಕು. ಆಮೇಲೆ ಒಂದು ಕಾಗದ ಹಿಡಿದು ಪ್ರತಿ ಟ್ಯಾಕಲ್‌ಗೆ ಬರೆಯಿರಿ: ಮೊದಲು ಹಿಡಿದವ ಯಾರು, ಎರಡನೆಯವ ಯಾರು, ಅವನು ಕೂಡಲೇ ಹೊರಟನಾ, ತಡ ಮಾಡಿದನಾ, ಬರಲೇ ಇಲ್ಲವಾ. ಮೂರು ಪಂದ್ಯದ ಪಟ್ಟಿ ಆದರೆ ಚಿತ್ರ ತಾನಾಗಿಯೇ ಕಾಣ್ತದೆ. ಅದನ್ನು ಸರ್‌ಗೆ ಕೊಡಿ. ಒಬ್ಬರೇ ಎಲ್ಲ ಆಟ ನೋಡುವ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಹುಡುಗರಿಗೂ ತೋರಿಸಿ. 'ಬಿಟ್ಟವ' ಅಂತ ಹೆಸರು ಬಿದ್ದವನು ನಿಜಕ್ಕೂ ಒಬ್ಬನೇ ಬಿಟ್ಟದ್ದಾ ಅಂತ ಅವರೇ ನೋಡಲಿ.

ಆ ವಿಡಿಯೊ ನೋಡಿದ ರಾತ್ರಿ ನಾನು ಕಾರ್ನರ್ ಹುಡುಗನಿಗೆ ಫೋನ್ ಮಾಡಿದೆ. ಈಗ ಅವನು ಕಬಡ್ಡಿ ನೋಡುವುದೂ ಇಲ್ಲವಂತೆ. ತಪ್ಪು ನನ್ನದೂ ಇತ್ತು ಮಾರಾಯ, ನಾನು ತಡ ಮಾಡಿದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಂಗೆ ಆಗಲೇ ಗೊತ್ತಿತ್ತು' ಅಂದ. 'ಹೇಳ್ಬಹುದಿತ್ತಲ್ಲ' ಅಂದೆ. 'ಹೇಳಿದ್ರೆ ನಿಂಗೂ ಬೈತಿದ್ರು.'

ಪಂದ್ಯದಲ್ಲಿ ನಾನು ಕೊಡದ ಸಪೋರ್ಟ್ ಅವನು ಆಮೇಲೆ ಇಷ್ಟು ವರ್ಷ ನನಗೆ ಕೊಟ್ಟಿದ್ದ.

ಮುಂದಿನ ಕಂತಿನಲ್ಲಿ ಸಿಗುವ. ನಮಸ್ಕಾರ.